ಹಳೆಯ ಡ್ರಮ್ಮಿನ ನಾದ

ವಾದ್ಯಗಳನ್ನು ತತ, ಸುಷಿರ, ಅವನದ್ಧ, ಘನವೆಂದು ನಾಲ್ಕು ತೆರನಾಗಿ ವಿಭಾಗಿಸಿದ ಭರತಮುನಿಯು ಚರ್ಮವಾದ್ಯಗಳ ಉತ್ಪತ್ತಿಯ ವಿಷಯದಲ್ಲಿ ಒಂದು ಕಥೆಯನ್ನು ಕೊಟ್ಟಿರುವನು. ಸ್ವಾತಿಯೆಂಬ ಋಷಿಯು ನೀರಿಗೆಂದು ಕೊಳಕ್ಕೆ ಹೋಗಿದ್ದಾಗ ಮಳೆಯು ಬಂದಿತು. ತಾವರೆಯೆಲೆಗಳ ಮೇಲೆ ಬಿದ್ದ ಹನಿಗಳ ಧ್ವನಿಯು ಎಲೆಗಳ ಹಿರಿದು ಕಿರಿದುಗಳಿಗೆ ತಕ್ಕಂತೆ ಬೇರೆ ಬೇರೆಯಾಗಿ ಕೇಳಿಸುವುದನ್ನು ಆತನು ಮನಸ್ಸಿನಲ್ಲಿಟ್ಟುಕೊಂಡು ಆಶ್ರಮಕ್ಕೆ ಹಿಂದಿರುಗಿ ಪುಷ್ಕರವಾದ್ಯಗಳನ್ನು ರಚಿಸಿದನಂತೆ. ಕೊಳದಲ್ಲಿ ಕೇಳಿದ ನಾದವು ಮಳೆಯು ನಿಂತೊಡನೆ ಇಲ್ಲವಾಯಿತು. ವಾದ್ಯವು ಅದರ ನೆನಪಿನಿಂದ ಹುಟ್ಟಿತು. ಚರ್ಮವಾದ್ಯದ ನಾದಕ್ಕೂ ಕೇಳಿದವರ ನೆನಪಿಗೂ ಇರುವ ಈ ನಂಟು ಪಾಶ್ಚಾತ್ಯರ ಡ್ರಮ್ ಸೆಟ್ಟಿನ ಚರಿತ್ರೆಯಲ್ಲಿ ವಿಶೇಷವಾಗಿ ತೋರಿಬರುವುದರಿಂದ ಅದನ್ನು ವಿಚಾರಮಾಡುವುದು ಉಚಿತವಾಗಿದೆ.

ಡ್ರಮ್ ಸೆಟ್ಟು ಚಲನಚಿತ್ರಗಳ ಹಾಡುಗಳಿಂದಲೂ ಆರ್ಕೆಸ್ಟ್ರಾಗಳಿಂದಲೂ ಕನ್ನಡ ನಾಡಿನ ಮನೆಮನೆಗೂ ಪರಿಚಿತವಾದ ವಾದ್ಯವೇ ಸರಿ. ಕಾಲಿನಿಂದ ಬಾರಿಸುವ ದೊಡ್ಡ ಬೇಸ್ ಡ್ರಮ್, ಕೆಳಮೈಗೆ ತಂತಿಗಳನ್ನು ತಾಗಿಸಿದ ಸ್ನೇರ್ ಡ್ರಮ್, ಎರಡು ಮೂರು ಟಾಮ್‌ಟಾಮುಗಳು, ತೂಗುವ ಕಂಚಿನ ಸಿಂಬಲುಗಳು, ಇವೆಲ್ಲವೂ ಸೇರಿ ಒಬ್ಬನೇ ವಾದಕನ ಕೈಕಾಲುಗಳಿಗೆ ಎಟುಕುವಂತೆ ಇರುತ್ತವೆ. ಭರತನ ವಿಭಾಗದಂತೆ ನೋಡಿದರೆ ಇದು ಅವನದ್ಧವೂ ಘನವೂ ಕೂಡಿದ ಮೇಳವಾದ್ಯ. ಇದರ ಬಲ್ಲವರಲ್ಲಿ ಬಹುಕಾಲದಿಂದ ಎರಡು ಪಕ್ಷಗಳಿವೆ. ಸುಮಾರು ೧೯೭೦ಕ್ಕೆ ಮೊದಲು ತಯಾರಾದ ಡ್ರಮ್ಮುಗಳಲ್ಲಿ ಒಂದು ಬೆಚ್ಚನೆಯ, ದುಂಡಾದ ನಾದವುಂಟೆಂದೂ ಈಗಿನವುಗಳಲ್ಲಿ ಅದು ಸಿಕ್ಕದೆಂದೂ ಒಂದು ಪಕ್ಷದವರು ಹೇಳುವರು. ಈಗಿನ ವಾದ್ಯವು ಅಳತೆಯಲ್ಲಿ ನಿಖರವಾಗಿಯೂ ಶ್ರುತಿಯಲ್ಲಿ ಸ್ಥಿರವಾಗಿಯೂ ಇರುವುದೆಂದೂ, ಹಳೆಯದರ ಹೊಗಳಿಕೆಯು ಕಳೆದ ಯೌವನದ ಹಂಬಲವೇ ಹೊರತು ಬೇರೇನೂ ಅಲ್ಲವೆಂದೂ ಇನ್ನೊಂದು ಪಕ್ಷದವರ ವಾದ. ಯಾವುದರಲ್ಲಿ ಎಷ್ಟು ನಿಜವುಂಟೆಂಬುದು ವಾದ್ಯದ ಚರಿತ್ರೆಯನ್ನು ನೋಡಿದ ಹೊರತು ತಿಳಿಯಲಾರದು.

ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಅಮೆರಿಕದ ಬ್ಯಾಂಡುಗಳಲ್ಲಿ ಬೇಸ್ ಡ್ರಮ್ಮಿಗೊಬ್ಬ, ಸ್ನೇರಿಗೊಬ್ಬ, ಸಿಂಬಲಿಗೊಬ್ಬ ಎಂದು ಬೇರೆ ಬೇರೆ ವಾದಕರಿದ್ದರು. ನಾಟಕಶಾಲೆಗಳ ಮತ್ತು ನೃತ್ಯಶಾಲೆಗಳ ಇಕ್ಕಟ್ಟಾದ ಸ್ಥಳದಲ್ಲಿ ಮೂವರ ಕೆಲಸವನ್ನು ಒಬ್ಬನೇ ಮಾಡಬೇಕಾಗಿ ಬಂದಿತು. ಬೇಸ್ ಡ್ರಮ್ಮನ್ನು ಕಾಲಿನಿಂದ ಬಾರಿಸುವ ಪೆಡಲುಗಳು ಅಲ್ಲಲ್ಲಿ ಹುಟ್ಟಿಕೊಂಡಿದ್ದರೂ, ೧೯೦೯ರಲ್ಲಿ ಶಿಕಾಗೋ ನಗರದ ವಿಲಿಯಂ ಲುಡ್ವಿಗ್ ಎಂಬ ವಾದಕನು ಮಾಡಿದ ಪೆಡಲು ವೇಗವಾದ ಲಯಕ್ಕೂ ಒದಗುವಂತಿದ್ದುದರಿಂದ ಬಹುಬೇಗ ಪ್ರಚಾರಕ್ಕೆ ಬಂದಿತು. ಅದೇ ವರ್ಷ ಆತನೂ ಆತನ ಸೋದರ ಥಿಯೋಬಾಲ್ಡನೂ ಕೂಡಿ ಲುಡ್ವಿಗ್ ಕಾರ್ಖಾನೆಯನ್ನು ತೆರೆದರು. ಸಿಂಬಲುಗಳು ತುರ್ಕಿಯಿಂದ ಬಂದವು. ೧೬೨೩ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ಆರಂಭವಾದ ಜಿಲ್ಜಿಯನ್ ಮನೆತನದ ಉದ್ಯಮವು ೧೯೨೯ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿಯೂ ನೆಲೆಗೊಂಡಿತು. ನೂರಕ್ಕೆ ಎಂಬತ್ತು ಪಾಲು ತಾಮ್ರ, ಇಪ್ಪತ್ತು ಪಾಲು ತವರ ಸೇರಿದ ಅದರ ಕಂಚು ಇಂದಿಗೂ ಪ್ರಸಿದ್ಧವಾಗಿದೆ. ಮೊದಲಿನ ಟಾಮ್‌ಟಾಮುಗಳು ಚೀನದವು. ಬಣ್ಣದ ಚಿತ್ರಗಳುಳ್ಳ ಚರ್ಮವನ್ನು ಮರಕ್ಕೆ ಮೊಳೆಹೊಡೆದು ಕೂರಿಸಿದ್ದುದರಿಂದ ಅವುಗಳನ್ನು ಶ್ರುತಿಮಾಡಲು ಆಗುತ್ತಿರಲಿಲ್ಲ. ಇವೆಲ್ಲವನ್ನೂ ಒಂದುಗೂಡಿಸಿ ಜೀವ ಕೊಟ್ಟವರು ಮುಖ್ಯವಾಗಿ ನ್ಯೂ ಆರ್ಲಿಯನ್ಸ್ ನಗರದ ಕರಿಯ ಜನರ ವಾದಕರು. ಅವರ ಪೂರ್ವಿಕರು ದಾಸ್ಯದಲ್ಲಿದ್ದಾಗಲೂ ಆ ಊರಿನ ಕಾಂಗೋ ಚೌಕದಲ್ಲಿ ಭಾನುವಾರಗಳಂದು ಸೇರಿ ಚರ್ಮವಾದ್ಯಗಳನ್ನು ನುಡಿಸುತ್ತಿದ್ದರು.

ಹಳೆಯ ನಾದವೆಂಬ ಮಾತಿನ ಮೊದಲನೆಯ ತೊಡಕು ಈ ವಾದಕರ ವಿಷಯದಲ್ಲಿಯೇ ಎದುರಾಗುತ್ತದೆ. ಆ ಊರಿನಲ್ಲಿ ೧೮೯೮ರಲ್ಲಿ ಹುಟ್ಟಿದ ವಾರನ್ ಡಾಡ್ಸ್ ಎಂಬಾತನು ‘ಬೇಬಿ ಡಾಡ್ಸ್’ ಎಂದೇ ಖ್ಯಾತನು. ಜಾಸ್ ಸಂಗೀತದ ಡ್ರಮ್ ವಾದಕರಲ್ಲಿ ಆದ್ಯರೊಳಗೆ ಒಬ್ಬನು. ಕಿಂಗ್ ಆಲಿವರನ ಮೇಳದೊಡನೆ ಈತನು ೧೯೨೩ರಲ್ಲಿ ಇಂಡಿಯಾನಾ ಪ್ರಾಂತದ ರಿಚ್ಮಂಡ್ ಎಂಬ ಊರಿಗೆ ಧ್ವನಿಮುದ್ರಣಕ್ಕಾಗಿ ಹೋದನು. ಆಗ ಮೈಕ್ರೋಫೋನು ಬಳಕೆಗೆ ಬಂದಿರಲಿಲ್ಲ. ವಾದಕರು ಒಂದು ದೊಡ್ಡ ಕೊಳವೆಯ ಬಾಯಿಗೆ ಎದುರಾಗಿ ನಿಂತು ನುಡಿಸಬೇಕು. ಆ ಧ್ವನಿಯ ಬಲದಿಂದಲೇ ಸೂಜಿಯು ನಡುಗಿ ಮೇಣದಲ್ಲಿ ಗೆರೆಯನ್ನು ಕೊರೆಯುವುದು. ಬೇಸ್ ಡ್ರಮ್ಮಿನ ಒಂದು ಪೆಟ್ಟಿಗೆ ಸೂಜಿಯು ಗೆರೆಯಿಂದ ಹಾರಿಬಿಡುವ ಭಯವಿದ್ದುದರಿಂದ ಡಾಡ್ಸನು ತನ್ನ ವಾದ್ಯದ ಬಹುಭಾಗವನ್ನು ಬಿಟ್ಟು ಮರದ ತುಂಡನ್ನು ಬಡಿಯುತ್ತ ಲಯವನ್ನು ನಡೆಸಬೇಕಾಯಿತು. ಆ ಮುದ್ರಿಕೆಗಳಲ್ಲಿ ಇಂದು ಕೇಳಿಸುವುದು ಮುಖ್ಯವಾಗಿ ಆ ಟೊಕಟೊಕ ಸದ್ದು. ಆ ಕಾಲದ ನೃತ್ಯಶಾಲೆಗಳಲ್ಲಿ ಜನರ ಎದೆಗೆ ತಾಗುತ್ತಿದ್ದ ಡ್ರಮ್ಮಿನ ನಾದವನ್ನು ಕೇಳಿದವರು ಈಗ ಯಾರೂ ಬದುಕಿಲ್ಲ. ಅದು ಮುದ್ರಿತವೂ ಆಗಿಲ್ಲ. ಎಲ್ಲಕ್ಕಿಂತ ಹಳೆಯ ನಾದವು ಹೀಗೆ ಹಂಬಲಿಸುವವರ ಹಂಬಲಕ್ಕೂ ದೊರೆಯದೆ ಹೋಯಿತು.

೧೯೨೫ರಲ್ಲಿ ವಿದ್ಯುತ್ತಿನಿಂದ ಧ್ವನಿಮುದ್ರಣ ಮಾಡುವ ಪದ್ಧತಿಯು ಬಂದ ಮೇಲೆ ಡ್ರಮ್ಮಿಗೆ ಕ್ರಮೇಣ ಅದರ ಸ್ಥಾನವು ದೊರೆಯಿತು. ೧೯೨೭ರಲ್ಲಿ ಮಾತಿನ ಚಿತ್ರವು ಬಂದುದರಿಂದ, ಮೂಕಚಿತ್ರಗಳಿಗೆ ಕುದುರೆಯ ಗೊರಸು, ಹಕ್ಕಿಯ ಕೂಗು ಮೊದಲಾದ ಸದ್ದುಗಳನ್ನು ಒದಗಿಸುತ್ತಿದ್ದ ಡ್ರಮ್ ವಾದಕರು ಆ ಉದ್ಯೋಗವನ್ನು ಕಳೆದುಕೊಂಡರು. ಅದಕ್ಕೆಂದು ಸೇರಿಸಿಟ್ಟುಕೊಂಡಿದ್ದ ಗಂಟೆಗಳೂ ಸೀಟಿಗಳೂ ಮೂಲೆಗೆ ಸೇರಿ ಡ್ರಮ್ ಸೆಟ್ಟು ತನ್ನ ಇಂದಿನ ರೂಪಕ್ಕೆ ಬಂದಿತು. ೧೯೩೬ರ ಸುಮಾರಿನಲ್ಲಿ ಜೀನ್ ಕ್ರೂಪಾ ಎಂಬ ವಾದಕನೂ ಶಿಕಾಗೋದ ಸ್ಲಿಂಗರ್‌ಲೆಂಡ್ ಕಾರ್ಖಾನೆಯವರೂ ಕೂಡಿ, ಮೇಲಿನ ಮತ್ತು ಕೆಳಗಿನ ಎರಡು ಮುಚ್ಚಿಗೆಗಳನ್ನೂ ತಿರುಪುಗಳಿಂದ ಶ್ರುತಿಮಾಡಬಹುದಾದ ಟಾಮ್‌ಟಾಮುಗಳನ್ನು ಪ್ರಚಾರಕ್ಕೆ ತಂದರು. ೧೯೩೮ನೆಯ ಜನವರಿ ೧೬ರಂದು ನ್ಯೂಯಾರ್ಕಿನ ಕಾರ್ನೆಗೀ ಹಾಲಿನಲ್ಲಿ ಬೆನ್ನಿ ಗುಡ್‌ಮನ್ನನ ಮೇಳದೊಡನೆ ಕ್ರೂಪಾ ನುಡಿಸಿದ ಕಛೇರಿಯು ಡ್ರಮ್ ವಾದಕನನ್ನು ಹಿಂದಿನ ಸಾಲಿನಿಂದ ಸಭೆಯ ಮುಂದಕ್ಕೆ ತಂದಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಾದ್ಯದ ತೂಕದಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಲೋಹವಿರಕೂಡದೆಂಬ ಕಟ್ಟಳೆಯಾದಾಗ ತಿರುಪಿನ ಗೂಡುಗಳನ್ನೂ ಮರದಲ್ಲಿಯೇ ಮಾಡಿದರು. ಹಳೆಯ ಡ್ರಮ್ಮೆಂಬುದು ಒಂದೇ ಬಗೆಯ ವಸ್ತುವಲ್ಲವೆಂಬುದೂ ಕಾಲಕಾಲದ ಅನುಕೂಲ ಅಭಾವಗಳಿಗೆ ತಕ್ಕಂತೆ ಅದು ಮಾರ್ಪಡುತ್ತಲೇ ಇದ್ದಿತೆಂಬುದೂ ಇದರಿಂದ ಸ್ಪಷ್ಟವಾಗುತ್ತದೆ.

ಇನ್ನು ನಾದದ ಮೂಲವನ್ನು ನೋಡತಕ್ಕದ್ದು. ಒಂದೇ ಸಮನಾಗಿ ಬಿಗಿದ ದುಂಡನೆಯ ಹಾಳೆಯನ್ನು ಬಡಿದಾಗ ಹುಟ್ಟುವ ಮೇಲಿನ ಸ್ವರಗಳು ತಂತಿಯ ಅನುಸ್ವರಗಳಂತೆ ಎರಡರಷ್ಟು, ಮೂರರಷ್ಟು ಎಂಬ ಲೆಕ್ಕದಲ್ಲಿ ಇರುವುದಿಲ್ಲ. ಮೂಲಸ್ವರದ ಮೇಲಿನ ಮೊದಲನೆಯದು ಸುಮಾರು ೧.೫೯ರಷ್ಟು ಮಾತ್ರ. ಆದುದರಿಂದ ಅವು ಒಂದರೊಡನೊಂದು ಹೊಂದದೆ ಗದ್ದಲವಾಗಿ ಕೇಳಿಸುತ್ತವೆ. ಮೃದಂಗದ ಬಲದ ಮುಚ್ಚಿಗೆಗೆ ಕರಣೆಯನ್ನು ಹಾಕಿರುವುದರಿಂದಲೇ ಅದರ ಸ್ವರಗಳು ತಂತಿವಾದ್ಯದವುಗಳಂತೆ ಹೊಂದಿಕೊಳ್ಳುತ್ತವೆಂಬುದನ್ನು ಸರ್ ಸಿ. ವಿ. ರಾಮನ್ನರು ೧೯೨೦ರಲ್ಲಿಯೂ, ಬೆಂಗಳೂರಿಗೆ ಬಂದ ಮೇಲೆ ೧೯೩೪ರಲ್ಲಿಯೂ ಪ್ರಕಟಿಸಿದ ಲೇಖನಗಳಲ್ಲಿ ವಿವರಿಸಿದರು. ಪಾಶ್ಚಾತ್ಯ ಡ್ರಮ್ಮಿಗೆ ಕರಣೆಯಿಲ್ಲ. ಅಲ್ಲಿ ನಾದವು ಹಿತವಾಗಬೇಕಾದರೆ ಆ ಹೊಂದದ ಸ್ವರಗಳು ಬೇಗನೆ ಅಡಗಬೇಕು. ಅವು ಎಷ್ಟು ಹೊತ್ತಿನಲ್ಲಿ ಅಡಗುವುವೆಂಬುದು ಎಲ್ಲಕ್ಕಿಂತ ಹೆಚ್ಚಾಗಿ ಮುಚ್ಚಿಗೆಯನ್ನು ಅವಲಂಬಿಸಿದೆ. ಮರದ ಒಡಲು ಆ ತರುವಾಯದ್ದು.

ಈ ಮುಚ್ಚಿಗೆಯಲ್ಲಿಯೇ ಡ್ರಮ್ಮಿನ ಚರಿತ್ರೆಯ ದೊಡ್ಡ ಪಲ್ಲಟವು ನಡೆದುದು. ೧೯೫೬ರವರೆಗೂ ಸಾಮಾನ್ಯವಾಗಿ ಬಳಕೆಯಲ್ಲಿದ್ದುದು ಕರುವಿನ ಚರ್ಮ. ಅದನ್ನು ನೀರಿನಲ್ಲಿ ನೆನೆಯಿಸಿ, ಬಳೆಯೊಂದಕ್ಕೆ ಅಂಚನ್ನು ಮಡಿಸಿ ಸೇರಿಸಿ, ಒಣಗುವವರೆಗೆ ಕಾಯ್ದು ಅಣಿಮಾಡಬೇಕು. ದಪ್ಪವು ಎಲ್ಲ ಕಡೆಯೂ ಸಮನಾಗಿರದೆ, ನಾರುನಾರಾಗಿದ್ದು, ಕಂಪನವನ್ನು ತನ್ನೊಳಗೇ ಹೀರಿಕೊಳ್ಳುವ ಗುಣವು ಅದಕ್ಕುಂಟು. ಮೇಲಿನ ಸ್ವರಗಳು ಬೇಗ ಅಡಗಿ ಮೂಲಸ್ವರವು ಮಿಗುವುದರಿಂದ ನಾದವು ದುಂಡಾಗಿ ಕೇಳಿಸುವುದು. ಆದರೆ ಅದು ಹವೆಯ ದಾಸ. ತೇವದ ರಾತ್ರಿ ಸಡಿಲವಾಗುವುದು. ಒಣಹವೆಯಲ್ಲಿ ಬಿಗಿದು ಕೆಲವೊಮ್ಮೆ ಹರಿಯುವುದು. ಕನ್ನಡ ನಾಡಿನ ಹಳ್ಳಿಗಳಲ್ಲಿ ತಮಟೆಯವರು ಮೆರವಣಿಗೆಗೆ ಮುಂಚೆ ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸುವಂತೆಯೇ, ಅಮೆರಿಕದ ವಾದಕರು ಬೇಸ್ ಡ್ರಮ್ಮಿನೊಳಗೆ ವಿದ್ಯುದ್ದೀಪವನ್ನು ಉರಿಸಿಟ್ಟು ಚರ್ಮದ ತೇವವನ್ನು ಆರಿಸುತ್ತಿದ್ದರು. ಮುಂದಿನ ಮುಚ್ಚಿಗೆಯ ಮೇಲೆ ಬರೆದ ಬೆಟ್ಟ ಸರೋವರಗಳ ಚಿತ್ರವು ಆ ಬೆಳಕಿನಿಂದ ಹೊಳೆಯುತ್ತಿದ್ದುದನ್ನು ಸಭಿಕರು ಅಲಂಕಾರವೆಂದು ತಿಳಿದರೂ ವಾದಕನಿಗೆ ಅದು ಅವಶ್ಯಕತೆಯೇ ಆಗಿತ್ತು.

ಡೂಪಾಂಟ್ ಕಂಪೆನಿಯು ಮೈಲಾರ್ ಎಂಬ ಗಟ್ಟಿಯಾದ ಪ್ಲಾಸ್ಟಿಕ್ ಹಾಳೆಯನ್ನು ಸಿದ್ಧಪಡಿಸಿದ ಮೇಲೆ, ೧೯೫೬ರಲ್ಲಿ ಚಿಕ್ ಎವಾನ್ಸನೂ ೧೯೫೭ರಲ್ಲಿ ಲಾಸ್ ಏಂಜಲೀಸಿನ ವಾದಕನಾದ ರೀಮೋ ಬೆಲ್ಲಿಯೂ ಅದರಿಂದ ಮುಚ್ಚಿಗೆಗಳನ್ನು ಮಾಡಿ ಮಾರತೊಡಗಿದರು. ಬೆಲ್ಲಿಯು ತನ್ನದಕ್ಕೆ ‘ವೆದರ್ ಕಿಂಗ್’, ಎಂದರೆ ಹವೆಯ ರಾಜ, ಎಂಬ ಹೆಸರನ್ನು ಇಟ್ಟನು. ಚರ್ಮದ ದಾಸ್ಯವನ್ನು ಕಂಡವರಿಗೆ ಆ ಹೆಸರಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಮಳೆಯಿರಲಿ ಬಿಸಿಲಿರಲಿ ಶ್ರುತಿಯು ಇಟ್ಟ ಕಡೆ ನಿಲ್ಲುವುದು; ಪೆಟ್ಟು ಚುರುಕಾಗಿ ಕೇಳಿಸುವುದು; ಎಷ್ಟು ಬಲವಾಗಿ ಹೊಡೆದರೂ ಬೇಗ ಹರಿಯದು. ಕೆಲವೇ ವರ್ಷಗಳಲ್ಲಿ ಚರ್ಮವು ಮಾರುಕಟ್ಟೆಯಿಂದ ಬಹುಮಟ್ಟಿಗೆ ಮರೆಯಾಯಿತು. ಅದರೊಂದಿಗೆ ಮೂಲಸ್ವರಕ್ಕಿಂತ ಮೇಲಿನ ಝೇಂಕಾರವು ಹೆಚ್ಚಾಗಿ ನಿಲ್ಲತೊಡಗಿತು. ಮುಂದೆ ಅದನ್ನು ಅಡಗಿಸುವುದಕ್ಕಾಗಿ ಬಟ್ಟೆ, ಅಂಟುಪಟ್ಟಿ, ದಿಂಬು ಮೊದಲಾದವುಗಳನ್ನು ವಾದ್ಯಕ್ಕೆ ಸೇರಿಸುವ ಕ್ರಮವು ಬಂದಿತು. ಚರ್ಮವು ತಾನಾಗಿ ಮಾಡುತ್ತಿದ್ದ ಕೆಲಸವನ್ನು ವಾದಕನು ಕೈಯಿಂದ ಮಾಡಬೇಕಾಯಿತು.

೧೯೬೪ನೆಯ ಫೆಬ್ರವರಿ ೯ರಂದು ಬೀಟಲ್ಸ್ ಎಂಬ ಇಂಗ್ಲಿಷ್ ತರುಣರ ಮೇಳವು ಅಮೆರಿಕದ ಎಡ್ ಸಲಿವನ್ನನ ಟೆಲಿವಿಷನ್ ಕಾರ್ಯಕ್ರಮದಲ್ಲಿ ಹಾಡಿತು. ಸುಮಾರು ೭ ಕೋಟಿ ೩೦ ಲಕ್ಷ ಜನರು ಅದನ್ನು ನೋಡಿದರು. ರಿಂಗೋ ಸ್ಟಾರನ ಬೇಸ್ ಡ್ರಮ್ಮಿನ ಮೇಲೆ ಮೇಳದ ಹೆಸರಿನ ಜೊತೆಗೆ ಲುಡ್ವಿಗ್ಗೆಂಬ ಹೆಸರೂ ಎದ್ದು ಕಾಣುತ್ತಿತ್ತು. ಅಂದಿನಿಂದ ಆ ಕಾರ್ಖಾನೆಯು ಹಗಲಿರುಳು ನಡೆದರೂ ಬೇಡಿಕೆಯನ್ನು ಪೂರೈಸಲಾರದೆ ಹೋಯಿತು. ಇಂದು ‘ಹಳೆಯ ನಾದ’ವೆಂದು ಬಹುಜನರು ಹೇಳುವುದು ಈ ಕಾಲದ ಡ್ರಮ್ಮುಗಳದ್ದು. ಆದರೆ ಇವುಗಳ ಮೇಲಿದ್ದುದು ಬಹುತೇಕ ಪ್ಲಾಸ್ಟಿಕ್ ಮುಚ್ಚಿಗೆ. ಬೀಟಲ್ಸರ ಕೊನೆಯ ವರ್ಷಗಳ ಮುದ್ರಿಕೆಗಳಲ್ಲಿ ಕೇಳಿಸುವ ಮೆತ್ತನೆಯ, ಗಂಭೀರವಾದ ಪೆಟ್ಟಿಗೆ ಡ್ರಮ್ಮುಗಳ ಮೇಲೆ ಹಾಸಿದ ಚಹಾಪಾತ್ರೆಗಳನ್ನು ಒರೆಸುವ ಬಟ್ಟೆಗಳೂ ಕಾರಣ. ೧೯೬೯ರ ‘ಆಬಿ ರೋಡ್’ ಮುದ್ರಿಕೆಯ ಹೊತ್ತಿಗೆ ರಿಂಗೋ ಸ್ಟಾರನು ಹೊಸ ಡ್ರಮ್ ಸೆಟ್ಟಿನ ಟಾಮ್‌ಟಾಮುಗಳಿಗೆ ಕರುವಿನ ಚರ್ಮವನ್ನು ಹೊದಿಸಿದ್ದನು. ಎಂದರೆ, ಇಂದಿನವರು ಹಂಬಲಿಸುವ ಆ ಕಾಲದವರೇ ತಮಗಿಂತ ಹಿಂದಿನದನ್ನು ಅರಸಿಕೊಂಡು ಹೋಗಿದ್ದರು.

ಇದಕ್ಕಿಂತಲೂ ಗಮನಾರ್ಹವಾದ ದೃಷ್ಟಾಂತವೊಂದು ೧೯೭೧ರದು. ಲೆಡ್ ಜೆಪೆಲಿನ್ ಮೇಳದ ಜಾನ್ ಬಾನ್‌ಹಮನು ‘ವೆನ್ ದಿ ಲೆವೀ ಬ್ರೇಕ್ಸ್’ ಎಂಬ ಹಾಡಿಗೆ ನುಡಿಸಿದ ಡ್ರಮ್ಮು ಆ ವಾದ್ಯದ ನಾದಕ್ಕೇ ಮಾದರಿಯೆಂದು ಎಣಿಸಲ್ಪಟ್ಟಿದೆ. ಆ ಡ್ರಮ್ ಸೆಟ್ಟು ಆಗ ಹೊಸದು. ಇಂಗ್ಲೆಂಡಿನ ಹೆಡ್ಲಿ ಗ್ರೇಂಜ್ ಎಂಬ ಹಳೆಯ ಕಟ್ಟಡದ ಮಹಡಿಯ ಮೆಟ್ಟಿಲುಗಳ ಕೆಳಗಿನ ಎತ್ತರವಾದ ಹಜಾರದಲ್ಲಿ ಅದನ್ನು ಇರಿಸಿ, ಮೇಲಿನ ಅಂತಸ್ತಿನಿಂದ ಮೈಕ್ರೋಫೋನುಗಳನ್ನು ಇಳಿಬಿಟ್ಟು ಮುದ್ರಿಸಿದರು. ಕೇಳಿಸುವುದು ಡ್ರಮ್ಮಿನಷ್ಟೇ ಆ ಹಜಾರದ ಧ್ವನಿ. ಆ ವಾದಕನ ಕೈಯ ತೂಕವೂ ಅದರೊಳಗೆ ಸೇರಿದೆ. ಅದೇ ವರ್ಷದ ಡ್ರಮ್ಮನ್ನು ಹಣ ಕೊಟ್ಟು ಕೊಂಡು ತಂದು ಸಣ್ಣ ಕೋಣೆಯಲ್ಲಿ ಬಾರಿಸಿದವನಿಗೆ ಆ ನಾದವು ದೊರೆಯದಿದ್ದರೆ ಆಶ್ಚರ್ಯವೇನು?

ಹಾಗಾದರೆ ಹಳೆಯ ಒಡಲಿನಲ್ಲಿ ವಿಶೇಷವೇನೂ ಇಲ್ಲವೆಂದು ತೀರ್ಮಾನಿಸುವುದೂ ನ್ಯಾಯವಲ್ಲ. ೧೯೬೦ರ ದಶಕದ ಲುಡ್ವಿಗ್ ಡ್ರಮ್ಮುಗಳ ಒಡಲು ಮಹಾಗನಿ, ಪಾಪ್ಲರ್, ಮೇಪಲ್ ಮರಗಳ ಮೂರು ಪದರಗಳಿಂದಾದ ತೆಳುವಾದ ಗೋಡೆ. ಆಕಾರವು ಕೆಡದಂತೆ ಒಳಗಡೆ ಮೇಲೂ ಕೆಳಗೂ ಮರದ ಬಳೆಗಳನ್ನು ಕೂಡಿಸಿರುವರು. ಮುಚ್ಚಿಗೆಯು ಕೂರುವ ಅಂಚು ಸಾಮಾನ್ಯವಾಗಿ ದುಂಡಗೆ ಇರುವುದು. ದುಂಡನೆಯ ಅಂಚಿಗೆ ಮುಚ್ಚಿಗೆಯು ಹೆಚ್ಚಾಗಿ ತಾಗುವುದರಿಂದ ಕಂಪನವು ಬೇಗ ಅಡಗುತ್ತದೆ. ಈಚಿನ ಕಾರ್ಖಾನೆಗಳಲ್ಲಿ ಯಂತ್ರಗಳಿಂದ ೪೫ ಅಂಶಗಳ ಕೋನಕ್ಕೆ ಚೂಪಾಗಿ ಕತ್ತರಿಸಿದ ಅಂಚಿನ ಡ್ರಮ್ಮುಗಳೇ ಹೆಚ್ಚು. ಅವುಗಳಲ್ಲಿ ಮುಚ್ಚಿಗೆಯು ಸ್ವಲ್ಪವೇ ತಾಗಿ ನಾದವು ಹೆಚ್ಚು ಹೊತ್ತು ನಿಲ್ಲುತ್ತದೆ, ಪೆಟ್ಟು ಸ್ಫುಟವಾಗುತ್ತದೆ. ಆದುದರಿಂದ ಹಳೆಯದು ದುಂಡು, ಹೊಸದು ಚುರುಕು ಎಂಬ ಮಾತಿಗೆ ಮರದಲ್ಲಿಯೂ ಅಂಚಿನಲ್ಲಿಯೂ ಆಧಾರವುಂಟು. ಅದೇ ಹಳೆಯ ಡ್ರಮ್ಮುಗಳಲ್ಲಿ ಅಂಚು ಸಮತಟ್ಟಾಗಿಲ್ಲದೆ ಶ್ರುತಿ ನಿಲ್ಲದವೂ, ಒಡಲು ವಕ್ರವಾಗಿ ಈಗಿನ ಮುಚ್ಚಿಗೆಯೇ ಕೂರದವೂ ಉಂಟು. ಕೆಟ್ಟವು ಒಡೆದು ಬಿಸುಟು ಹೋದವು. ಒಳ್ಳೆಯವನ್ನು ಜನರು ಕಾಪಾಡಿಕೊಂಡರು. ಐವತ್ತು ಅರುವತ್ತು ವರ್ಷಗಳ ಕಾಲ ಹೀಗೆ ಸೋಸಿ ಉಳಿದವನ್ನು ನಿನ್ನೆ ಕಾರ್ಖಾನೆಯಿಂದ ಬಂದ ಎಲ್ಲವುಗಳೊಡನೆ ಹೋಲಿಸಿದರೆ ತೂಕವು ಹಳೆಯದರ ಕಡೆಗೆ ವಾಲದೆ ಇರದು.

ಹಂಬಲಕ್ಕೆ ವ್ಯಾಪಾರವೂ ನೀರೆರೆಯಿತು. ೧೯೬೬ರಲ್ಲಿ ರಾಜರ್ಸ್, ೧೯೬೭ರಲ್ಲಿ ಗ್ರೆಚ್, ೧೯೮೧ರಲ್ಲಿ ಲುಡ್ವಿಗ್ ಕಂಪೆನಿಗಳು ಬೇರೆಯವರ ಕೈಸೇರಿದವು. ೧೯೭೦ರಿಂದೀಚೆಗೆ ಜಪಾನಿನ ಯಮಹಾ, ಪರ್ಲ್, ತಾಮಾ ಡ್ರಮ್ಮುಗಳು ದೃಢತೆಯಿಂದಲೂ ನಿಖರತೆಯಿಂದಲೂ ಪೇಟೆಯನ್ನು ಹಿಡಿದವು. ಅಮೆರಿಕದ ಹಳೆಯ ಹೆಸರುಗಳು ಕುಗ್ಗಿದಷ್ಟೂ ಅವುಗಳ ಹಳೆಯ ಡ್ರಮ್ಮುಗಳ ಬೆಲೆಯು ಏರಿತು. ರಿಂಗೋ ಸ್ಟಾರನು ೧೯೬೩ರಲ್ಲಿ ಕೊಂಡ ಮೊದಲನೆಯ ಲುಡ್ವಿಗ್ ಸೆಟ್ಟು ೨೦೧೫ರ ಡಿಸೆಂಬರಿನಲ್ಲಿ ಇಪ್ಪತ್ತು ಲಕ್ಷ ಡಾಲರಿಗೂ ಮಿಕ್ಕಿದ ಬೆಲೆಗೆ ಹರಾಜಾಯಿತು. ಆ ಬೆಲೆಯನ್ನು ಕೊಟ್ಟುದು ನಾದಕ್ಕಲ್ಲವೆಂಬುದು ಎಂಥವರಿಗೂ ತಿಳಿಯುತ್ತದೆ. ಕಾರ್ಖಾನೆಯವರೂ ಇದನ್ನು ಕಂಡು ಮೂರು ಪದರಗಳ ಒಡಲುಗಳನ್ನು ಮತ್ತೆ ಮಾಡತೊಡಗಿದರು. ಚರ್ಮವನ್ನು ಹೋಲುವ ಪ್ಲಾಸ್ಟಿಕ್ ಮುಚ್ಚಿಗೆಗಳೂ ಬಂದವು. ಚರ್ಮವನ್ನು ಹಿಂದೂಡಿದ ರೀಮೋ ಕಂಪೆನಿಯೇ ಅಂಥ ಮುಚ್ಚಿಗೆಗಳನ್ನು ಮಾಡಿ ಮಾರಿದುದು ಕಾಲದ ವಿನೋದವೇ ಸರಿ.

ಹಂಬಲಕ್ಕೆ ಚರ್ಮವಾಗಲಿ ಮರವಾಗಲಿ ಅವಶ್ಯವಲ್ಲವೆಂಬುದಕ್ಕೂ ಪ್ರಮಾಣವಿದೆ. ೧೯೮೦ರಲ್ಲಿ ಜಪಾನಿನ ರೋಲೆಂಡ್ ಕಂಪೆನಿಯು ಟಿಆರ್-೮೦೮ ಎಂಬ ವಿದ್ಯುದ್ಯಂತ್ರವನ್ನು ಹೊರತಂದಿತು. ಗುಂಡಿಗಳನ್ನೊತ್ತಿದರೆ ಡ್ರಮ್ಮಿನ ಧ್ವನಿಗಳನ್ನು ಕೃತಕವಾಗಿ ಹೊರಡಿಸುವ ಯಂತ್ರವದು. ಆಗ ಬಹುಮಂದಿಗೆ ಅದು ನಿಜವಾದ ಡ್ರಮ್ಮಿನಂತೆ ಕೇಳಿಸಲಿಲ್ಲ. ೧೯೮೩ರಲ್ಲಿ ತಯಾರಿಕೆಯೂ ನಿಂತಿತು. ಅಗ್ಗವಾಗಿ ಮಾರಾಟಕ್ಕೆ ಬಂದ ಹಳೆಯ ಯಂತ್ರಗಳನ್ನು ಬಡ ತರುಣ ಸಂಗೀತಗಾರರು ಕೊಂಡು ತಮ್ಮ ಹಾಡುಗಳಿಗೆ ಬಳಸಿದರು. ಆ ಹಾಡುಗಳನ್ನು ಕೇಳಿ ಬೆಳೆದವರಿಗೆ ಆ ಯಂತ್ರದ ಸದ್ದೇ ಪ್ರಿಯವಾಯಿತು. ಇಂದು ಅದನ್ನೂ ಹಳೆಯ ಒಳ್ಳೆಯ ನಾದವೆಂದು ಹುಡುಕುವರು. ಕಿವಿಯು ತಾರುಣ್ಯದಲ್ಲಿ ಏನನ್ನು ಕೇಳಿ ನಲಿದುದೋ ಅದನ್ನೇ ಮುಂದೆ ಅಳತೆಗೋಲಾಗಿ ಹಿಡಿಯುವುದೆಂಬ ಎರಡನೆಯ ಪಕ್ಷದವರ ಮಾತಿಗೆ ಇದಕ್ಕಿಂತ ಬಲವಾದ ಸಾಕ್ಷ್ಯವು ಬೇಕಾಗಿಲ್ಲ.

ಇಷ್ಟನ್ನೂ ಕೂಡಿಸಿ ನೋಡಿದರೆ ಎರಡು ಪಕ್ಷಗಳೂ ಒಂದೊಂದು ಭಾಗದಲ್ಲಿ ನಿಲ್ಲುತ್ತವೆ. ಚರ್ಮದಲ್ಲಿಯೂ ಅಂಚಿನಲ್ಲಿಯೂ ಇದ್ದ ಭೇದವು ನಿಜವಾದುದು, ಅಳೆಯಬಹುದಾದುದು. ಅದಕ್ಕೆ ಮೇಲೆ ಸೇರಿರುವುದು ಮುದ್ರಣದ ಕೋಣೆ, ವಾದಕನ ಕೈ, ಕೇಳಿದವನ ವಯಸ್ಸು. ಮೊದಲನೆಯದನ್ನು ಇಂದಿಗೂ ಪಡೆಯಬಹುದು. ಚರ್ಮದ ಮುಚ್ಚಿಗೆಯನ್ನು ಮಾಡುವವರು ಈಗಲೂ ಇದ್ದಾರೆ, ದುಂಡನೆಯ ಅಂಚನ್ನು ಯಾವ ಕುಶಲಿಯೂ ಕೊರೆಯಬಲ್ಲನು. ಎರಡನೆಯದನ್ನು ಹಣದಿಂದ ಕೊಳ್ಳಲಾಗದು. ಹೊಸ ಡ್ರಮ್ಮನ್ನು ಮಾತ್ರ ಪಡೆಯಬಲ್ಲ ತರುಣನಿಗೆ ಹಳೆಯದಿಲ್ಲವೆಂಬ ಕಾರಣದಿಂದ ಒಳ್ಳೆಯ ನಾದವು ಒದಗದೆಂದು ಹೇಳುವವರು ಅವನಿಗೆ ಅನ್ಯಾಯವನ್ನು ಮಾಡುತ್ತಾರೆ.

ನಿಜವಾಗಿ ಕ್ಷೀಣಿಸಿರುವುದು ಒಂದು ಬಗೆಯ ತಿಳಿವಳಿಕೆ. ಇಂದಿನ ಹವೆಯೆಂಥದು, ಸಂಜೆಗೆ ಮುಚ್ಚಿಗೆಯು ಎಷ್ಟು ಸಡಿಲವಾದೀತು, ಈಗ ಎಷ್ಟು ಬಿಗಿದಿಟ್ಟರೆ ಆಗ ಸರಿಯಾದೀತು ಎಂಬ ವಿಚಾರವು ಚರ್ಮದ ಕಾಲದ ವಾದಕನಿಗೆ ನಿತ್ಯದ ಪಾಠವಾಗಿತ್ತು. ಪ್ಲಾಸ್ಟಿಕ್ಕು ಅವನನ್ನು ಆ ಕಷ್ಟದಿಂದ ಬಿಡಿಸಿತು. ಕಷ್ಟದೊಡನೆ ಕಿವಿಗೊಡುವ ಆ ಅಭ್ಯಾಸವೂ ಬಿಟ್ಟುಹೋಯಿತು. ಅದನ್ನು ಬಲ್ಲವರಿಂದ ಕೇಳಿ ಬರೆದಿಡುವ ಕೆಲಸವು ಹರಾಜಿನ ಬೆಲೆಗಿಂತ ಮುಖ್ಯವಾದುದು. ೧೯೨೩ರಲ್ಲಿ ಮರದ ತುಂಡನ್ನು ಬಡಿದು ತೃಪ್ತನಾಗಬೇಕಾಗಿದ್ದ ಬೇಬಿ ಡಾಡ್ಸನನ್ನು ೧೯೪೬ರಲ್ಲಿ ಮೈಕ್ರೋಫೋನಿನ ಮುಂದೆ ಕೂರಿಸಿ, ತನ್ನ ವಾದ್ಯದ ವಿಷಯವನ್ನು ಮಾತಿನಿಂದ ಹೇಳುತ್ತ ಒಂದೊಂದಾಗಿ ನುಡಿಸಿ ತೋರಿಸುವಂತೆ ಮಾಡಿ ಮುದ್ರಿಸಿದರು. ಬೇಸ್ ಡ್ರಮ್ಮೂ ಸ್ನೇರೂ ಸಿಂಬಲೂ ಅಲ್ಲಿ ತುಂಬಿ ಕೇಳಿಸುತ್ತವೆ. ಅವನು ೧೯೫೯ರಲ್ಲಿ ತೀರಿಕೊಂಡನು. ಆ ಒಂದು ಮುದ್ರಿಕೆಯಿಲ್ಲದಿದ್ದರೆ ಅವನ ಕಾಲದ ಡ್ರಮ್ಮಿನ ವಿಷಯದಲ್ಲಿ ಇಂದಿನವರಿಗೆ ತಿಳಿದಿರುವುದು ಇನ್ನೂ ಬಹಳ ಕಡಮೆಯಾಗಿರುತ್ತಿತ್ತು.